ಇಂಕ್‌ಸ್ಕೇಪ್‌ನಲ್ಲಿ ಫೋಟೋ ಸಾಲು ಅಂಕುಡೊಂಕಾದರೆ

ನಮಸ್ಕಾರ. ಚಿತ್ರ, ಪೋಸ್ಟರ್ ಮಾಡುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಶಾಲೆಯ ಪೋಸ್ಟರ್‌ಗೆ 30 ಮಕ್ಕಳ ಫೋಟೋ, ಕೆಳಗೆ ಹೆಸರು. ಸಾಲಾಗಿ ಜೋಡಿಸುವ ಅರೇಂಜ್ ಕೊಟ್ಟರೆ ಫೋಟೋಗಳು ಒಂದೇ ಸಾಲಿಗೆ ಬರುತ್ತಿಲ್ಲ ಅಂತ ಕೇಳಿದ್ದೀರಿ, ಅಲ್ವಾ?

ಫೋಟೋಗಳೆಲ್ಲ ಒಂದೇ ಅಳತೆ ಇದ್ದರೆ, ತೊಂದರೆ ಹೆಸರಿನದು. ಇಂಕ್‌ಸ್ಕೇಪ್ ಪ್ರತಿ ಗ್ರೂಪಿನ (ಒಂದು ಫೋಟೋ, ಅದರ ಹೆಸರು ಸೇರಿದ ಗುಂಪು) ಸುತ್ತ ಒಂದು ಚೌಕಟ್ಟು ಊಹಿಸಿಕೊಂಡು ಅದನ್ನೇ ಜೋಡಿಸುತ್ತದೆ. ‘ರಮಾ’ ಅನ್ನುವುದಕ್ಕೆ ಕೆಳಗೆ ಏನೂ ಇಲ್ಲ. ‘ಲಕ್ಷ್ಮಿ’ಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಚೌಕಟ್ಟು ಅಷ್ಟು ಉದ್ದವಾಗುತ್ತದೆ. ನಡುವಿಗೆ ಹೊಂದಿಸಿದಾಗ ಲಕ್ಷ್ಮಿಯ ಫೋಟೋ ಸ್ವಲ್ಪ ಮೇಲೆ ಹೋಗುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಜಾಸ್ತಿ ಕಾಡುತ್ತದೆ.

ಮೊದಲು ಹೆಸರನ್ನು ಫೋಟೋದ ಕೆಳಗೆ, ಎಡ-ಬಲಕ್ಕೆ ನಟ್ಟನಡುವೆ ಬರುವಂತೆ ಇಟ್ಟು ಕಂಟ್ರೋಲ್ ಜಿ ಒತ್ತಿ ಗ್ರೂಪ್ ಮಾಡಿ. ಫೋಟೋಗೂ ಹೆಸರಿಗೂ ನಡುವಿನ ಜಾಗ ಎಲ್ಲದರಲ್ಲೂ ಒಂದೇ ಇರಲಿ. ಎಲ್ಲ ಗ್ರೂಪ್ ಆಯ್ದುಕೊಂಡು ಆಬ್ಜೆಕ್ಟ್ ಮೆನುವಿನ ಅರೇಂಜ್ ತೆರೆಯಿರಿ. 5 ಸಾಲು, 6 ಕಾಲಮ್ ಕೊಡಿ. ಈಕ್ವಲ್ ವಿಡ್ತ್, ಈಕ್ವಲ್ ಹೈಟ್ ಎರಡಕ್ಕೂ ಟಿಕ್ ಹಾಕಿ, ಇಲ್ಲದಿದ್ದರೆ ಉದ್ದದ ಹೆಸರಿರುವ ಕಾಲಮ್ ಮಾತ್ರ ಅಗಲವಾಗುತ್ತದೆ. ಅಲೈನ್‌ಮೆಂಟ್‌ನಲ್ಲಿ ನಟ್ಟನಡುವಿನ ಚುಕ್ಕಿ ಬೇಡ, ಮೇಲಿನ ಸಾಲಿನ ನಡುಚುಕ್ಕಿ ಆರಿಸಿ. ಆಗ ಹೆಸರು ಎಷ್ಟೇ ಕೆಳಗಿಳಿದರೂ ಫೋಟೋಗಳ ತಲೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಸೆಟ್ ಸ್ಪೇಸಿಂಗ್‌ನಲ್ಲಿ ನಿಮಗೆ ಬೇಕಾದ ಅಂತರ ಕೊಡಿ.

ಕೆಲವು ಫೋಟೋಗೆ ಮಾತ್ರ ಬ್ಲರ್ ನೆರಳು ಹಾಕಿದ್ದರೆ ಆ ಚೌಕಟ್ಟೂ ದೊಡ್ಡದಾಗಿರುತ್ತದೆ. ಪ್ರಿಫರೆನ್ಸಸ್‌ನ ಟೂಲ್ಸ್‌ನಲ್ಲಿ ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್ (ಆಕಾರವನ್ನಷ್ಟೇ ಅಳೆಯುವ ಚೌಕಟ್ಟು) ಆರಿಸಿದರೆ ನೆರಳು ಲೆಕ್ಕಕ್ಕೆ ಬರುವುದಿಲ್ಲ.