ಸಿಗಾರ್ ಡಬ್ಬಿಗೂ ನುಸಿ, ತೊಗರಿ ಡಬ್ಬಿಗೂ ನುಸಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಅಳಿಯಂದಿರು ದುಬೈನಿಂದ ಬರುವಾಗ 25 ಸಿಗಾರ್ ಇರುವ ಮರದ ಡಬ್ಬಿ ತಂದುಕೊಟ್ಟರು. ಹಬ್ಬಕ್ಕೋ ಮದುವೆಗೋ ಒಂದು ಸೇದುವವನು ನಾನು. ಒಣಗಬಾರದು ಅಂತ ಒಳಗೆ ಒದ್ದೆ ಸ್ಪಂಜ್ ಇಟ್ಟು, ಡಬ್ಬಿಯನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟಿದ್ದೆ. ಏಪ್ರಿಲ್‌ನಲ್ಲಿ ತೆಗೆದರೆ ನಾಲ್ಕೈದು ಸಿಗಾರ್‌ಗಳಿಗೆ ಸಣ್ಣ ತೂತು, ತಳದಲ್ಲಿ ಕಂದು ಪುಡಿ. ಫ್ರೀಜರ್‌ನಲ್ಲಿಡಿ ಅಂತಾರೆ ಅಳಿಯ. ಜೋಳದ ಚೀಲಕ್ಕೆ ಹಾಕುವ ಗುಳಿಗೆ ಒಂದು ಹಾಕಿಬಿಡಿ ಅಂತಾರೆ ನಮ್ಮ ಮನೆಯವರು. ಯಾರ ಮಾತು ಕೇಳಲಿ?
- ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಅಳಿಯನ ಮಾತು ಕೇಳಿ ಸಾಹೇಬ್ರೆ. ಗುಳಿಗೆಯ ಯೋಚನೆಯನ್ನೇ ಬಿಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಆ ವಿಷಕ್ಕೆ ಪ್ರತಿಮದ್ದು ಇಲ್ಲ. ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಗೋದಾಮುಗಳಲ್ಲಿ ದಾಸ್ತಾನು ನೋಡಿಕೊಂಡೇ ನಾನು ನೌಕರಿ ಮುಗಿಸಿದ್ದು. ಅಲ್ಲಿ ಗುಳಿಗೆ ಇಡಬೇಕಾದರೆ ಚೀಲಗಳ ಮೇಲೆ ತಾಡಪತ್ರಿ ಹೊದಿಸಿ, ಸುತ್ತ ಅಂಚಿಗೆ ಮರಳಿನ ಚೀಲ ಒತ್ತಿ, ಬಾಗಿಲಿಗೆ ಬೀಗ ಜಡಿದು, ಮನುಷ್ಯರನ್ನು ದೂರ ಇಡುತ್ತಿದ್ದರು. ಅಂಥದ್ದನ್ನು ಮಲಗುವ ಮನೆಯೊಳಗೆ ತರುವುದೇ? ಅದೂ ಬಾಯಿಗಿಡುವ ವಸ್ತುವಿನ ಜೊತೆ?

ಈಗ ನಿಮ್ಮ ನುಸಿಗೆ ಬರೋಣ. ಇದಕ್ಕೆ ಶಾಸ್ತ್ರದಲ್ಲಿ ಲೇಸಿಯೋಡರ್ಮಾ ಸೆರಿಕಾರ್ನೆ ಅಂತ ಹೆಸರು. ಎರಡು-ಮೂರು ಮಿಲಿಮೀಟರ್ ಉದ್ದ, ಕೆಂಪು ಕಂದು ಬಣ್ಣ, ಬೆನ್ನು ಗೂನು, ತಲೆ ಕೆಳಗೆ ಬಾಗಿಸಿಕೊಂಡೇ ಇರುತ್ತದೆ. ಸಿಗಾರ್ ಒಂದನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ಕುಟ್ಟಿ ನೋಡಿ. ಪುಡಿಯ ಜೊತೆ ಒಂದೆರಡು ಬೀಳಬಹುದು. ಕಡ್ಡಿಯಿಂದ ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತಂತೆ ನಟಿಸುತ್ತದೆ. ನಂಬಬೇಡಿ, ಸ್ವಲ್ಪ ಹೊತ್ತಿಗೆ ಎದ್ದು ನಡೆಯುತ್ತದೆ.

ಎಲೆ ತಿನ್ನುವುದು ಇದಲ್ಲ, ಇದರ ಮರಿ. ಬೆಳ್ಳಗೆ, ಮೈತುಂಬ ರೋಮ, ಬಾಗಿಕೊಂಡಿರುತ್ತದೆ. ತಂಬಾಕಿನಂಥ ಖಾರದ ವಿಷ ತಿಂದು ಹೇಗೆ ಬದುಕುತ್ತದೆ ಅಂತ ಕೇಳ್ತೀರಾ? ಅದರ ಹೊಟ್ಟೆಯಲ್ಲಿ ಯೀಸ್ಟ್‌ನಂಥ ಒಂದು ಜೀವಿ ಇದೆ. ಬಿ ವಿಟಮಿನ್ ಒದಗಿಸಿ ಸಾಕುವುದು ಅದೇ. ಹಾಗಾಗಿ ಈ ಹುಳ ತಂಬಾಕನ್ನೂ ಬಿಡಲ್ಲ, ಅರಿಸಿನ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜವನ್ನೂ ಬಿಡಲ್ಲ. ಈಜಿಪ್ಟಿನ ಟುಟಂಖಾಮನ್ ಗೋರಿಯಲ್ಲೂ ಇದರ ಅವಶೇಷ ಸಿಕ್ಕಿದೆ.

ನಿಮ್ಮ ಡಬ್ಬಿಗೆ ಎಲ್ಲಿಂದ ಬಂತು? ಎರಡು ದಾರಿ. ಎಲೆ ಗೋದಾಮಿನಲ್ಲಿದ್ದಾಗಲೇ ಮೊಟ್ಟೆ ಬಿದ್ದಿರಬಹುದು. ಅರ್ಧ ಮಿಲಿಮೀಟರ್ ಮೊಟ್ಟೆ, ಎಲೆಯ ಮಡಿಕೆಯಲ್ಲಿ ಯಾರ ಕಣ್ಣಿಗೆ ಕಾಣಬೇಕು? ಇಲ್ಲವೇ ನಿಮ್ಮ ಮಸಾಲೆ ಡಬ್ಬಿಯಿಂದಲೇ ಹಾರಿ ಬಂದಿರಬಹುದು. ಹೇಗೇ ಬಂದಿರಲಿ, ಅದನ್ನು ಸಾಕಿದ್ದು ನಮ್ಮೂರ ಬಿಸಿಲು ಮತ್ತು ನಿಮ್ಮ ಸ್ಪಂಜ್. ಸುಮಾರು 30ರಿಂದ 32 ಡಿಗ್ರಿ ಶಾಖ, 70 ಶೇಕಡಾ ತೇವ, ಇದಕ್ಕೆ ಇಷ್ಟೇ ಬೇಕು. ಆಗ ಮೊಟ್ಟೆಯಿಂದ ನುಸಿಯಾಗಲು ಹೆಚ್ಚುಕಡಿಮೆ ಒಂದು ತಿಂಗಳು. ಬೇಸಿಗೆಯಲ್ಲಿ ಕಲಬುರಗಿಯ ಹೊರಗಿನ ಗಾಳಿ ಒಣಗಿರುತ್ತದೆ, ಅದು ಹುಳಕ್ಕೆ ಕಷ್ಟ. ನೀವು ಡಬ್ಬಿಯೊಳಗೆ ಮಳೆಗಾಲ ಮಾಡಿಕೊಟ್ಟಿರಿ.

ಫ್ರೀಜರ್ ಕೆಲಸ ಹೀಗೆ ಮಾಡಿ. ತೂತು ಇರಲಿ ಇಲ್ಲದಿರಲಿ, ಎಲ್ಲ ಸಿಗಾರ್ ಹೊರಗೆ ತೆಗೆಯಿರಿ. ಚೆನ್ನಾಗಿ ಕಾಣುವುದರಲ್ಲೂ ಮೊಟ್ಟೆ ಇರಬಹುದು. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ. ಒಂದು ದಿನ ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಆಮೇಲೆ ಒಂದು ವಾರ ಫ್ರೀಜರ್‌ನಲ್ಲಿ. ಮೂರು ದಿನ ಸಾಕು ಅನ್ನುವವರೂ ಇದ್ದಾರೆ. ಮನೆ ಫ್ರೀಜರ್ ಬಾಗಿಲು ದಿನಕ್ಕೆಷ್ಟು ಸಲ ತೆಗೀತೀವಿ ಅಂತ ನೋಡಿದರೆ ನನಗೆ ವಾರವೇ ಸರಿ ಅನಿಸುತ್ತದೆ. ನಂತರ ಮತ್ತೆ ಒಂದು ದಿನ ಫ್ರಿಜ್‌ನ ಕೆಳಭಾಗ, ಕೊನೆಗೆ ಹೊರಗೆ. ಕೋಣೆಯ ಶಾಖಕ್ಕೆ ಬರುವ ತನಕ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಎಲೆಯ ಮೇಲೆ ನೀರು ಹನಿಗಟ್ಟುತ್ತದೆ. ಅವಸರ ಮಾಡಿ ಬಿಸಿಯಿಂದ ನೇರ ಚಳಿಗೆ ಹಾಕಿದರೆ ಹೊರಗಿನ ತೆಳು ಎಲೆ ಸೀಳುತ್ತದೆ. ಹುಳ ಸತ್ತು ಸಿಗಾರೂ ಸತ್ತರೆ ಏನು ಬಂತು?

ಮೈನಸ್ 18 ಡಿಗ್ರಿ ಆದರೂ ಬೇಕು. ಒಂದೇ ಬಾಗಿಲಿನ ಹಳೆ ಫ್ರಿಜ್‌ನ ಐಸ್ ಖಾನೆ ಅಷ್ಟು ತಣ್ಣಗಾಗುವುದು ಕಷ್ಟ. ಅಲ್ಲಿ ಐಸ್‌ಕ್ರೀಂ ಮೆತ್ತಗೇ ಇರುತ್ತದೆ ಅಂದರೆ ನಂಬಬೇಡಿ, ಎರಡು ಬಾಗಿಲಿನ ಫ್ರಿಜ್ ಇರುವ ಪಕ್ಕದ ಮನೆಯವರನ್ನು ಕೇಳಿ. ಬರೀ ಫ್ರಿಜ್‌ನ ಚಳಿಗೆ ಹುಳ ಮಂಕಾಗುತ್ತೆ, ನಾಲ್ಕು ದಿನಕ್ಕೆ ಸಾಯಲ್ಲ. ಕರೆಂಟ್ ಹೋಗುವ ಚಿಂತೆ ಇದ್ದರೆ ಒಂದು ಲೋಟ ನೀರು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಒಳಗೆ ಇಳಿದಿದ್ದರೆ ನಡುವೆ ಐಸ್ ಕರಗಿತ್ತು ಅಂತ ಅರ್ಥ. ವಾರವನ್ನು ಮೊದಲಿನಿಂದ ಎಣಿಸಿ.

ಫ್ರೀಜರ್ ಸಿಗಾರ್ ಒಳಗಿದ್ದ ಹುಳವನ್ನು ಕೊಲ್ಲುತ್ತದೆ, ನಾಳೆ ಬರುವ ಹುಳಕ್ಕೆ ಅಡ್ಡ ನಿಲ್ಲುವುದಿಲ್ಲ. ಮರದ ಡಬ್ಬಿಯ ಮೂಲೆಗಳನ್ನು ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಮನೆಯಾಚೆ ಚೆಲ್ಲಿ. ಜಾಗವಿದ್ದರೆ ಡಬ್ಬಿಯನ್ನೂ ಫ್ರೀಜರ್‌ಗೆ ಹಾಕಿ. ಸ್ಪಂಜ್ ಬಿಸಾಡಿ. ಅದರ ಬದಲು ತೇವವನ್ನು 65 ಶೇಕಡಾದಲ್ಲಿ ಹಿಡಿದಿಡುವ ಪೊಟ್ಟಣ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಜೊತೆ ಸಿಗಾರ್‌ಗಳನ್ನು ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿಟ್ಟು, ಮಾರ್ಚ್‌ನಿಂದ ಜೂನ್ ತನಕ ಫ್ರಿಜ್‌ನ ಬಾಗಿಲಿನ ಖಾನೆಯಲ್ಲೇ ಬಿಡಿ. ಸಿಗಾರ್ ಪಂಡಿತರು ಮೂಗು ಮುರಿಯುತ್ತಾರೆ. ಮುರಿಯಲಿ, ಅವರ ಊರಿನ ಏಪ್ರಿಲ್ ಬೇರೆ. 18 ಡಿಗ್ರಿಗಿಂತ ಕೆಳಗೆ ಈ ಹುಳದ ಸಂಸಾರ ಬೆಳೆಯುವುದಿಲ್ಲ.

ತೂತು ಬಿದ್ದವು ಎಳೆದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ, ಸರಿಯಾಗಿ ಉರಿಯಲ್ಲ. ಎಸೆಯಿರಿ. ಉಳಿದವನ್ನು ಸೇದಿ ಅಂತಲೂ ನಾನು ಹೇಳುವುದಿಲ್ಲ. ಹುಳ ಹೋದ ಮಾತ್ರಕ್ಕೆ ತಂಬಾಕು ಒಳ್ಳೆಯದಾಗಲ್ಲ, ಅಲ್ವಾ?

ಪ್ರಶ್ನೆ: ಅಣ್ಣಾ, ಮನೆ ಖರ್ಚಿಗೆ ಅಂತ ಇಟ್ಟ ಇಡೀ ತೊಗರಿಗೆ ನುಸಿ ಹಿಡಿದಿದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದೆ. ಇದನ್ನೂ ಫ್ರೀಜರ್‌ನಲ್ಲಿ ಇಡಬಹುದಾ?
- ಓದುಗ ತಂಗಿ, ಹುಮನಾಬಾದ್

ಉತ್ತರ: ಇಡಬಹುದು ತಂಗಿ, ಆದರೆ ಒಂದೆರಡು ಕಿಲೋ ಲೆಕ್ಕದಲ್ಲಿ. ಆ ಬಿಳಿ ಚುಕ್ಕೆಗಳು ಮೊಟ್ಟೆ. ಇದು ಬೇಳೆಕಾಳಿನ ನುಸಿ, ಸಿಗಾರಿನದ್ದಲ್ಲ. ಹೊಲದಲ್ಲಿ ಕಾಯಿ ಇದ್ದಾಗಲೇ ಬಂದು ಸೇರಿಕೊಳ್ಳುತ್ತದೆ. ಚೀಲ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ, ಹೊರಗೆ ತೆಗೆದ ಮೇಲೆ ಬೆಚ್ಚಗಾಗುವ ತನಕ ಗಂಟು ಬಿಚ್ಚಬೇಡಿ. ಬಿತ್ತನೆಗೆ ಅಂತ ಎತ್ತಿಟ್ಟ ಕಾಳನ್ನು ಮಾತ್ರ ಹಾಕಬೇಡಿ, ಹಸಿ ಇದ್ದರೆ ಮೊಳಕೆ ಕೆಡಬಹುದು. ಡ್ರಮ್‌ಗಟ್ಟಲೆ ಇದ್ದರೆ ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿ, ಆರಿದ ಮೇಲೆ ಕಿಲೋಗೆ ಒಂದು ಚಮಚದಂತೆ ಔಡಲ ಎಣ್ಣೆ ಸವರಿ. ಎಣ್ಣೆ ಹಿಡಿದ ಕಾಳಿನ ಮೇಲೆ ಇಟ್ಟ ಮೊಟ್ಟೆ ಹೆಚ್ಚಾಗಿ ಮರಿಯಾಗುವುದಿಲ್ಲ. ಇನ್ನೊಂದು ದಾರಿಯೂ ಇದೆ: ಬೇಳೆ ಮಾಡಿಸಿಬಿಡಿ. ಈ ನುಸಿಗೆ ಇಡೀ ಕಾಳೇ ಇಷ್ಟ, ಒಡೆದ ಬೇಳೆಗೆ ಅಷ್ಟಾಗಿ ಬರಲ್ಲ.