ಮಣಿಕಟ್ಟಿಗೆ ಮೂಳೆ ಕಸಿ: ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: 3 ವರ್ಷದ ಹಿಂದೆ ತೋಟದ ಸಂಕದಿಂದ ಜಾರಿ ಅಂಗೈ ಊರಿ ಬಿದ್ದೆ. ಉಳುಕು ಅಂತ ಸುಮ್ನೆ ಎಣ್ಣೆ ತಿಕ್ಕಿದೆ. ಮಣಿಕಟ್ಟಿನ ಸ್ಕೇಫಾಯ್ಡ್ ಅನ್ನೋ ಸಣ್ಣ ಮೂಳೆ ಮುರಿದಿತ್ತು, ಅದು ಕೂಡಲಿಲ್ಲ. ಹೋದ ವರ್ಷ ಸೊಂಟದ ಮೂಳೆ ತೆಗೆದು ಕಸಿ ಮಾಡಿ ಸ್ಕ್ರೂ ಹಾಕಿದರು. ಮುಂದೆ ಅಡಿಕೆ ಸುಲಿಯಬಹುದಾ?
– ಓದುಗ, ತೀರ್ಥಹಳ್ಳಿ

ಉತ್ತರ: ಕಸಿ ಒಮ್ಮೆ ಕೂಡಿದರೆ ಅದು ನಿಮ್ಮದೇ ಮೂಳೆ, ಅದಕ್ಕೆ ವಾಯಿದೆ ಇಲ್ಲ. ಕೂಡಿದೆಯಾ ಅನ್ನೋದೇ ಮುಖ್ಯ, ಎಕ್ಸ್‌ರೇಯಲ್ಲಿ ಅನುಮಾನ ಇದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿ. ಗೋಡಂಬಿಯಂಥ ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ, ಹಾಗಾಗಿ ಮುಂಗೈ ಕಡೆಯ ತುದಿ ಮುರಿದಿದ್ದರೆ ಕೂಡೋದು ಕಷ್ಟ. ಕೂಡಿದ ಮೇಲೆ ಸಾಮಾನ್ಯವಾಗಿ ನೋವು ಇಳಿದು ಹಿಡಿತ ಬಲವಾಗುತ್ತದೆ, ಕೈ ಮಾತ್ರ ಮೊದಲಿನಷ್ಟು ಬಾಗದೆ ಇರಬಹುದು. ನೀವು ತಡ ಮಾಡಿದಿರಿ ಅಲ್ವಾ, ಕೀಲು ಸವೆತ ನಿಧಾನಕ್ಕೆ ಬಂದರೂ ಬರಬಹುದು. ಡಾಕ್ಟರು ಕೂಡಿದೆ ಅಂದ ಮೇಲೆ ಅಡಿಕೆ ಸುಲಿಯಿರಿ, ಗೊನೆ ಕೊಯ್ಯುವ ದೋಟಿ ಹಿಡಿಯೋಕೆ ಅವಸರ ಬೇಡ. ಬೀಡಿ ಸೇದುತ್ತೀರಾ? ಮೂಳೆ ಕೂಡೋದಕ್ಕೆ ಅದು ಅಡ್ಡಗಾಲು, ಇವತ್ತೇ ಬಿಡಿ.