ಕ್ರಿಮಿನಲ್ ಪ್ರಕರಣಗಳನ್ನು ಸರ್ಕಾರದ ಪರವಾಗಿ ನಡೆಸುವವರು ಯಾರು? ಅದು ಪೊಲೀಸರ ಕೆಲಸವೇ?

ಎಲ್ಲ ದೇಶಗಳಿಗೂ ಒಂದೇ ವ್ಯವಸ್ಥೆ ಇಲ್ಲ. ತನಿಖೆ ಮಾಡುವವರು ಮತ್ತು ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವವರು ಬೇರೆ ಬೇರೆಯಾಗಿರಬೇಕು ಎಂಬ ವಿಚಾರ ಮಾತ್ರ ಬಹುತೇಕ ಕಡೆ ಬೇರೂರಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ತಡವಾಗಿ ಬಂತು. ಬಹಳ ಕಾಲ ಹೆಚ್ಚಿನ ಪ್ರಕರಣಗಳನ್ನು ಪೊಲೀಸರೇ ನಡೆಸುತ್ತಿದ್ದರು. 1985ರ ಕಾಯ್ದೆಯಿಂದಾಗಿ 1986ರಲ್ಲಿ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ಎಂಬ, ಮೊಕದ್ದಮೆ ನಡೆಸುವ ಪ್ರತ್ಯೇಕ ಸಂಸ್ಥೆ ಕೆಲಸ ಆರಂಭಿಸಿತು. ಅಲ್ಲಿನ ಅಭಿಯೋಜಕರು, ಅಂದರೆ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ವಕೀಲರು, ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಶಿಕ್ಷೆಯಾಗುವ ಸಾಧ್ಯತೆಯೇ ಹೆಚ್ಚು ಎನ್ನುವಷ್ಟು ಸಾಕ್ಷ್ಯವಿದೆಯೇ? ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ? ಈ ಎರಡನೆಯ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಸಾಕ್ಷ್ಯವಿದೆ ಎಂದ ಮಾತ್ರಕ್ಕೆ ಎಲ್ಲರನ್ನೂ ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ಸ್ಕಾಟ್ಲೆಂಡ್‌ನದು ಪ್ರತ್ಯೇಕ ವ್ಯವಸ್ಥೆ. ಅದರ ಮುಖ್ಯಸ್ಥರು ಲಾರ್ಡ್ ಅಡ್ವೊಕೇಟ್.

ಜಪಾನಿನಲ್ಲಿ ಇಡೀ ದೇಶಕ್ಕೆ ಒಂದೇ ಅಭಿಯೋಜನಾ ವ್ಯವಸ್ಥೆಯಿದ್ದು, ಅದರ ಕಚೇರಿಗಳು ನ್ಯಾಯಾಲಯಗಳ ಹಂತಗಳಿಗೆ ಅನುಗುಣವಾಗಿವೆ. ಅಮೆರಿಕದಲ್ಲಿ ಹಾಗಿಲ್ಲ. ಫೆಡರಲ್ ಪ್ರಕರಣಗಳು, ಅಂದರೆ ಕೇಂದ್ರದ ಕಾನೂನಿನಡಿಯ ಪ್ರಕರಣಗಳು, ಅಧ್ಯಕ್ಷರು ನೇಮಿಸುವ ಅಟಾರ್ನಿಗಳ (ಸರ್ಕಾರಿ ವಕೀಲರ) ಹೊಣೆ. ರಾಜ್ಯಗಳ ಪ್ರಕರಣಗಳಲ್ಲಿ ಬಹುಪಾಲನ್ನು ಸ್ಥಳೀಯ ಅಭಿಯೋಜಕರು ನೋಡಿಕೊಳ್ಳುತ್ತಾರೆ, ಅವರಲ್ಲಿ ಹೆಚ್ಚಿನವರು ಚುನಾವಣೆಯಲ್ಲಿ ಗೆದ್ದು ಬಂದವರು. ಮತ ಕೇಳಬೇಕಾದವರು ಜನರ ಸಿಟ್ಟಿಗೆ ಮಣಿಯುವ ಅಪಾಯ ಇಲ್ಲಿ ನಿಜಕ್ಕೂ ಇದೆ.